ಮೂಳೆ ಮುರಿದಿಲ್ಲ ಎಂದಾದ ಮೇಲೆ



ಕಾಲು ಹೊರಳಿ ಬಿದ್ದವರನ್ನು ಎಕ್ಸ್‌ರೇ ಕೋಣೆಯಿಂದ ಹೊರಗೆ ಕರೆತಂದಾಗ ಜೊತೆಗೆ ಬಂದವರು ಕೇಳುವುದು ಒಂದೇ ಪ್ರಶ್ನೆ: ಮೂಳೆಗೇನಾದರೂ ಆಗಿದೆಯೇ? 'ಇಲ್ಲ, ಬರೀ ಉಳುಕು' ಎಂಬ ಉತ್ತರ ಸಿಕ್ಕರೆ ಎಲ್ಲರ ಮುಖಕ್ಕೂ ಕಳೆ ಬರುತ್ತದೆ. ಒಂದು ಕ್ರೇಪ್ ಬ್ಯಾಂಡೇಜು, ನಾಲ್ಕು ದಿನದ ನೋವಿನ ಮಾತ್ರೆ, ಕಾಲನ್ನು ದಿಂಬಿನ ಮೇಲಿಟ್ಟು ಮಲಗಿ ಎಂಬ ಸಲಹೆ, ಅಲ್ಲಿಗೆ ಕೇಸು ಮುಗಿಯಿತು. ಆ ಉತ್ತರದಲ್ಲಿರುವ 'ಬರೀ' ಎಂಬ ಎರಡಕ್ಷರವನ್ನು ಕುರಿತು ಇವತ್ತು ಮಾತಾಡಬೇಕೆಂದಿದ್ದೇನೆ. ಉತ್ತರ ಸುಳ್ಳೇನಲ್ಲ, ಎಕ್ಸ್‌ರೇ ತನಗೆ ತಿಳಿದ ಪ್ರಶ್ನೆಗೆ ಪ್ರಾಮಾಣಿಕವಾಗಿಯೇ ಉತ್ತರಿಸಿರುತ್ತದೆ. ಆದರೆ ಪಾದದ ಗಂಟಿಗೆ ಬಿದ್ದ ಪೆಟ್ಟಿನಲ್ಲಿ ಹೆಚ್ಚು ಕಾಲ ಉಳಿಯುವ ನಷ್ಟ ಎಷ್ಟೋ ಸಲ ಮೂಳೆಯದ್ದೂ ಅಲ್ಲ, ಹರಿದ ನಾರಿನದ್ದೂ ಅಲ್ಲ. ಪಾದ ಈಗ ಎಲ್ಲಿದೆ, ಮುಂದಿನ ಹೆಜ್ಜೆಯನ್ನು ಹೇಗೆ ಊರಬೇಕು ಎಂಬ ಅರಿವಿನ ನಷ್ಟ ಅದು. ಅದು ಯಾವ ಫಿಲ್ಮಿನಲ್ಲೂ ಕಾಣುವುದಿಲ್ಲ, ನೋವು ಹೋದ ಮಾತ್ರಕ್ಕೆ ತಾನಾಗಿ ಹಿಂದಿರುಗುತ್ತದೆಂಬ ಭರವಸೆಯೂ ಇಲ್ಲ. ಕಲಿಸಿದರೆ ಬರುತ್ತದೆ, ಎಷ್ಟೋ ವರ್ಷದ ನಂತರ ಕಲಿಸಿದರೂ ಬರುತ್ತದೆ. ನಾನು ಮಂಡಿಸಬೇಕೆಂದಿರುವ ವಾದ ಇಷ್ಟೇ.

ಮೊದಲು ಹೆಸರಿನ ವಿಚಾರ. ಗೆಜ್ಜೆ, ಕಡಗ, ಕಾಲುಚೈನು ಎಲ್ಲವನ್ನೂ ತೊಡಿಸಿ ಮೆರೆಸುವ ಈ ಗಂಟಿಗೆ ನಮ್ಮ ಆಡುಮಾತಿನಲ್ಲಿ ಗಟ್ಟಿಯಾದ ಹೆಸರಿಲ್ಲ. ಕಣಕಾಲು ಎಂದರೆ ಕೆಲವರಿಗೆ ಮೊಣಕಾಲಿನ ಕೆಳಗಿನ ಕಂಬವೆಲ್ಲ, ಕೆಲವರಿಗೆ ಪಾದ ಸೇರುವ ಜಾಗ ಮಾತ್ರ. ಗಿಣ್ಣು ಎಂದರೆ ಬೆರಳಿನದೂ ಆದೀತು, ಕಬ್ಬಿನದೂ ಆದೀತು. ನಿಘಂಟಿನ ಹರಡು ಮಣಿಕಟ್ಟಿಗೂ ಸಲ್ಲುತ್ತದೆ. ಆದರೂ ಈ ಹೊತ್ತಿಗೆ ಹರಡು ಎಂದೇ ಕರೆಯುತ್ತೇನೆ. ಉಳುಕು ಎಂಬ ಮಾತಿನ ಬಳಕೆಯಲ್ಲಿ ಇನ್ನೊಂದು ವಿಶೇಷವಿದೆ. ಉಳುಕನ್ನು ನಾವು 'ತೆಗೆಸುತ್ತೇವೆ', ಕಾಲಿಗೆ ಹೊಕ್ಕ ಮುಳ್ಳನ್ನು ತೆಗೆಸುವ ಹಾಗೆ. ಒಳಗೇನೋ ಸಿಕ್ಕಿಕೊಂಡಿದೆ, ಎಣ್ಣೆ ಹಚ್ಚಿ ನೀವಿ ಎಳೆದರೆ ಹೊರಟುಹೋಗುತ್ತದೆ ಎಂಬ ಕಲ್ಪನೆ ಆ ಕ್ರಿಯಾಪದದಲ್ಲೇ ಅಡಗಿದೆ. ಮುಳ್ಳು ಹೋದ ಮೇಲೆ ಕಾಲು ಮೊದಲಿನ ಕಾಲೇ. ಹೊರಳಿದ ಹರಡಿನ ಕಥೆ ಹಾಗಲ್ಲ.

ಆ ಕೀಲಿನ ರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೊಣಕಾಲಿನಿಂದ ಇಳಿದು ಬಂದ ಎರಡು ಮೂಳೆಗಳ ತುದಿಗಳು ಇಕ್ಕಳದ ಬಾಯಿಯಂತೆ ತಾಲಸ್ ಎಂಬ ಮೂಳೆಯನ್ನು ಹಿಡಿದಿರುತ್ತವೆ. ಈ ತಾಲಸ್ ವಿಚಿತ್ರವಾದ ಮೂಳೆ. ಅದಕ್ಕೆ ಒಂದೇ ಒಂದು ಸ್ನಾಯುವೂ ಅಂಟಿಕೊಂಡಿಲ್ಲ, ಮೈಯ ಅರ್ಧಕ್ಕಿಂತ ಹೆಚ್ಚು ಭಾಗ ನುಣುಪಾದ ಮೃದ್ವಸ್ಥಿಯಿಂದ ಮುಚ್ಚಿಹೋಗಿದೆ. ಅದು ಮುಂದೆ ಅಗಲ, ಹಿಂದೆ ಕಿರಿದು. ಪಾದ ಮೇಲಕ್ಕೆ ಬಾಗಿದಾಗ ಅಗಲದ ಭಾಗ ಇಕ್ಕಳದೊಳಗೆ ಬಿಗಿಯಾಗಿ ಕೂರುತ್ತದೆ. ತುದಿಗಾಲಲ್ಲಿ ನಿಂತಾಗ, ಮೆಟ್ಟಿಲಿಳಿಯುವಾಗ, ಬಸ್ಸಿನಿಂದ ಧುಮುಕುವಾಗ ಕಿರಿದಾದ ಭಾಗ ಬಂದು ಹಿಡಿತ ಸಡಿಲವಾಗುತ್ತದೆ. ಕಾಲು ಹೊರಳುವುದು ಹೆಚ್ಚಾಗಿ ಆ ಗಳಿಗೆಯಲ್ಲೇ. ಹಿಮ್ಮಡಿ ಒಳಕ್ಕೆ ಮಗುಚಿ, ಹೊರಗಿನ ಗಿಣ್ಣಿನ ಮುಂದಿರುವ ಲಿಗಮೆಂಟ್ ಎಂಬ ನಾರಿನ ಮೇಲೆ ಇಡೀ ಮೈಭಾರ ಜಗ್ಗುತ್ತದೆ. ಹೊರಬದಿಯ ಮೂರು ಲಿಗಮೆಂಟುಗಳಲ್ಲಿ ಮೊದಲು ಹರಿಯುವುದು ಅದೇ.

ಹರಿದದ್ದು ಕೂಡಿಕೊಳ್ಳುತ್ತದೆ, ಊತ ಇಳಿಯುತ್ತದೆ. ಆದರೂ ಕೆಲವರ ಕಾಲು ಮತ್ತೆ ಮತ್ತೆ ಕೈಕೊಡುತ್ತದೆ. (ಕಾಲು ಕೈಕೊಡುವುದು! ಈ ತೊಂದರೆಯನ್ನು ಇಷ್ಟು ಚುಟುಕಾಗಿ ಹೇಳುವ ಮಾತು ಬೇರೆ ಭಾಷೆಗಳಲ್ಲಿ ಇದೆಯೋ ಇಲ್ಲವೋ.) ಇದೇಕೆ ಎಂಬ ಪ್ರಶ್ನೆಗೆ 1965ರಲ್ಲಿ ಫ್ರೀಮನ್ ಎಂಬ ಬ್ರಿಟಿಷ್ ಶಸ್ತ್ರವೈದ್ಯರು ಮತ್ತು ಅವರ ಜೊತೆಗಾರರು ಒಂದು ಉತ್ತರ ಕೊಟ್ಟರು. ಲಿಗಮೆಂಟೆಂದರೆ ಬರಿಯ ಹಗ್ಗವಲ್ಲ. ಕೀಲು ಎಷ್ಟು ಬಾಗಿದೆ, ಎತ್ತ ತಿರುಗಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ನರದ ತುದಿಗಳು ಅದರಲ್ಲಿವೆ, ಹಗ್ಗ ಹರಿದಾಗ ಸುದ್ದಿಯ ತಂತಿಯೂ ಹರಿಯುತ್ತದೆ ಎಂದರು. ಅಲ್ಲಾಡುವ ಹಲಗೆಯ ಮೇಲೆ ನಿಲ್ಲಿಸಿ ಅಭ್ಯಾಸ ಮಾಡಿಸಿದ ರೋಗಿಗಳಲ್ಲಿ ಕಾಲು ಕೈಕೊಡುವುದು ಕಡಿಮೆಯಾಯಿತೆಂದೂ ತೋರಿಸಿದರು. ಮುಂದಿನ ಸಂಶೋಧಕರು ಈ ವಿವರಣೆಯನ್ನು ಹಾಗೇ ಒಪ್ಪಲಿಲ್ಲ, ಒಪ್ಪದಿದ್ದುದು ಒಳ್ಳೆಯದೇ ಆಯಿತು. ಆರೋಗ್ಯವಂತರ ಲಿಗಮೆಂಟಿಗೆ ಅರಿವಳಿಕೆ ಕೊಟ್ಟು 1990ರ ದಶಕದಲ್ಲಿ ಪರೀಕ್ಷಿಸಿದಾಗ ಪಾದದ ಅರಿವು ನಿರೀಕ್ಷಿಸಿದಷ್ಟು ಕೆಡಲಿಲ್ಲ. ಸ್ನಾಯುಗಳಿಂದ ಬರುವ ಸುದ್ದಿಯೇ ಬಹುಪಾಲು ಕೆಲಸ ನಡೆಸುತ್ತಿತ್ತು. ಅಂದರೆ ತೊಂದರೆ ಹರಿದ ತಂತಿಯಲ್ಲಿ ಅಷ್ಟಾಗಿ ಇಲ್ಲ. ಪೆಟ್ಟಾದ ಮೇಲೆ ಆ ಸುದ್ದಿಯನ್ನು ದೇಹ ಬಳಸುವ ರೀತಿಯೇ ಬದಲಾಗಿದೆ.

ಇದಕ್ಕೆ ಎರಡು ಕಡೆಯಿಂದ ಪುರಾವೆ ಇದೆ. ಒಂದು, ಸಮಯದ ಲೆಕ್ಕ. ನಿಂತ ನೆಲ ಥಟ್ಟನೆ ವಾಲಿದರೆ ಕಾಲಿನ ಹೊರಬದಿಯ ಸ್ನಾಯು ಎಚ್ಚರಗೊಳ್ಳಲು ಸುಮಾರು 60ರಿಂದ 80 ಮಿಲಿಸೆಕೆಂಡು ಬೇಕು. ಎಚ್ಚರಗೊಂಡ ಮೇಲೆ ಅದು ಬಲ ಕೂಡಿಸಿಕೊಂಡು ಪಾದವನ್ನು ಎಳೆಯಲು ಇನ್ನಷ್ಟು ಹೊತ್ತು. ಅಷ್ಟರಲ್ಲಿ ಪಾದ ಹೊರಳಿಯಾಗಿರುತ್ತದೆ. ಹಾಗಾದರೆ ನಮ್ಮನ್ನು ದಿನವೂ ಕಾಪಾಡುತ್ತಿರುವುದು ಬಿದ್ದ ಮೇಲೆ ಹಿಡಿಯುವ ಚುರುಕಲ್ಲ, ನೆಲ ಮುಟ್ಟುವ ಮೊದಲೇ ಪಾದವನ್ನು ಸರಿಯಾದ ಕೋನದಲ್ಲಿ ಹಿಡಿದಿರುವ ಮುನ್ನೆಚ್ಚರ. ಗದ್ದೆಯ ಬದುವಿನ ಮೇಲೆ ಹುಲ್ಲುಹೊರೆ ಹೊತ್ತು ನಡೆಯುವವರ ಪಾದಕ್ಕೆ ಮುಂದಿನ ಹೆಜ್ಜೆಯ ನೆಲ ಮುಟ್ಟುವ ಮೊದಲೇ ಅರ್ಧ ಗೊತ್ತಿರುತ್ತದೆ. ಪೆಟ್ಟು ತಿಂದ ಪಾದ ಕಳೆದುಕೊಳ್ಳುವುದು ಈ ಅರ್ಧವನ್ನು. ಎರಡನೆಯ ಪುರಾವೆ ಹರಡಿನಿಂದ ದೂರದ್ದು. ಒಂದೇ ಕಾಲು ಉಳುಕಿಸಿಕೊಂಡವರನ್ನು ಒಂಟಿಕಾಲಲ್ಲಿ ನಿಲ್ಲಿಸಿ ಅಳೆದಾಗ, ಪೆಟ್ಟಾಗದ ಕಾಲಿನ ಸಮತೋಲವೂ ಕುಂದಿರುವುದು ಕಂಡುಬಂದಿದೆ. ಜೋರಾಗಿ ಉಳುಕಿದವರಲ್ಲಿ ಸೊಂಟದ ಹಿಂದಿನ ದೊಡ್ಡ ಸ್ನಾಯು ಕೆಲಸಕ್ಕಿಳಿಯುವುದೇ ತಡವಾಗುತ್ತದೆಂದು 1994ರಲ್ಲಿ ಆಸ್ಟ್ರೇಲಿಯಾದ ಬುಲ್ಲಕ್-ಸ್ಯಾಕ್ಸ್‌ಟನ್ ತೋರಿಸಿದರು. ಸೊಂಟಕ್ಕೆ ಪೆಟ್ಟು ಬಿದ್ದಿರಲಿಲ್ಲ, ಎದುರುಗಾಲಿಗಂತೂ ಏನೂ ಆಗಿರಲಿಲ್ಲ. ಹರಡಿನ ನೋವನ್ನು ಇಡೀ ದೇಹ ಸೇರಿ ಸುಧಾರಿಸಿಕೊಂಡ ಬಗೆ ಇದು. ಆ ಸುಧಾರಿಕೆ ನೋವು ಹೋದ ಮೇಲೂ ಅಭ್ಯಾಸವಾಗಿ ಉಳಿದುಬಿಡುತ್ತದೆ. ಹಳೆಯ ಪೆಟ್ಟಿನವರ ಚಪ್ಪಲಿ ಮಗುಚಿ ನೋಡಿದರೆ ಎರಡರ ಸವೆತ ಒಂದೇ ಥರ ಇರುವುದಿಲ್ಲ. ಹೊಲಿದುಕೊಡುವವನ ಕಣ್ಣಿಗೆ ಅದು ಕೂಡಲೇ ಬೀಳುತ್ತದೆ, ತೊಟ್ಟವರಿಗೆ ಗೊತ್ತಿರುವುದಿಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಕಾಲು ಉಳುಕಿಸಿಕೊಳ್ಳದವರು ಯಾರಿದ್ದಾರೆ? ಎಲ್ಲರೂ ನಡೆದಾಡಿಕೊಂಡೇ ಇದ್ದಾರಲ್ಲ, ಸುಮ್ಮನೆ ಹೆದರಿಸುವುದೇಕೆ? ಆಕ್ಷೇಪದಲ್ಲಿ ಹುರುಳಿದೆ. ನೆದರ್ಲೆಂಡ್ಸಿನ ಸಂಶೋಧಕರು 2008ರಲ್ಲಿ 31 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಮೂರು ವರ್ಷದೊಳಗೆ ಪೂರ್ತಿ ಗುಣವಾದೆವು ಎಂದವರ ಪ್ರಮಾಣ ಒಂದು ಅಧ್ಯಯನದಲ್ಲಿ ಶೇ. 36, ಇನ್ನೊಂದರಲ್ಲಿ ಶೇ. 85. ವರ್ಷ ಕಳೆದ ಮೇಲೂ ನೋವಿದ್ದವರು ಶೇ. 5ರಿಂದ 33, ಮತ್ತೆ ಉಳುಕಿಸಿಕೊಂಡವರು ಶೇ. 3ರಿಂದ 34. ಇಷ್ಟು ಅಗಲವಾದ ಅಂತರವನ್ನು ಕಂಡು ಇದು ವಿಜ್ಞಾನವೇ ಎಂದು ನಗುವವರಿದ್ದಾರೆ. ನನಗೆ ಆ ಅಂತರವೇ ಮುಖ್ಯ ಸಂಗತಿಯಾಗಿ ಕಾಣುತ್ತದೆ. ಯಾರನ್ನು ಕೇಳಿದಿರಿ, ಗುಣವೆಂದರೆ ಏನೆಂದು ಕೇಳಿದಿರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ನೋವಿದೆಯೇ ಎಂದರೆ ಇಲ್ಲ ಎನ್ನುವವರೇ, ಕತ್ತಲಲ್ಲಿ ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯದೆ ಇಳಿಯುತ್ತೀರಾ ಎಂದರೆ ಒಂದು ಕ್ಷಣ ತಡೆದು ಉತ್ತರಿಸುತ್ತಾರೆ. ಹೆಚ್ಚಿನವರು ಚೆನ್ನಾಗಿಯೇ ಇರುತ್ತಾರೆ ಎಂಬುದನ್ನು ಒಪ್ಪುತ್ತೇನೆ. ಒಪ್ಪಿದ ಮೇಲೂ ಮೂವರಲ್ಲಿ ಒಬ್ಬರವರೆಗೆ ಉಳಿಯಬಹುದಾದ ತೊಂದರೆಯನ್ನು 'ಬರೀ' ಎನ್ನಲಾಗದು. ಇನ್ನೊಂದು ಮಾತು: ಒಮ್ಮೆ ಉಳುಕಿ ಆಮೇಲೆ ಎಂದೂ ತೊಂದರೆ ಕಾಣದವರ ಲಿಗಮೆಂಟು ಎಲ್ಲರದ್ದೂ ಬಿಗಿಯಾಗಿಯೇ ಇರುವುದಿಲ್ಲ. ಸಡಿಲವಿದ್ದರೂ ನಿಭಾಯಿಸುವವರಿದ್ದಾರೆ, ಬಿಗಿಯಿದ್ದರೂ ಕಾಲು ಕೈಕೊಡುವವರಿದ್ದಾರೆ. ವ್ಯತ್ಯಾಸ ನಾರಿನಲ್ಲಿ ಮಾತ್ರ ಇಲ್ಲ ಎಂಬುದಕ್ಕೆ ಇದು ಸಾಕ್ಷಿ.

ಕೀಲು ಸವೆತದ ವಿಷಯದಲ್ಲಿ ಮಾತ್ರ ಅಂಕಿಗಳು ಹೆಚ್ಚು ಖಚಿತ. ಸೊಂಟ, ಮಂಡಿಗಳ ಸಂಧಿವಾತ ಬಹುಮಟ್ಟಿಗೆ ವಯಸ್ಸಿನ ಜೊತೆಗೆ ಬರುವಂಥದ್ದು. ಹರಡಿನದ್ದು ಹಾಗಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2005ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಹರಡಿನ ತೀವ್ರ ಸಂಧಿವಾತವಿದ್ದ 639 ಮಂದಿಯಲ್ಲಿ ಶೇ. 70ರಷ್ಟು ಜನಕ್ಕೆ ಕಾರಣ ಹಳೆಯ ಪೆಟ್ಟು. ಯಾವ ಕಾರಣವೂ ಇಲ್ಲದೆ ತಾನಾಗಿ ಬಂದದ್ದು ಶೇ. 7ರಷ್ಟು ಜನಕ್ಕೆ. ಪೆಟ್ಟುಗಳಲ್ಲಿ ಮೂಳೆಮುರಿತದ ಪಾಲೇ ದೊಡ್ಡದು ನಿಜ. ತಾಲಸ್ ತನ್ನ ಜಾಗದಿಂದ ಒಂದು ಮಿಲಿಮೀಟರ್ ಹೊರಕ್ಕೆ ಸರಿದರೂ ಮೂಳೆಗೆ ಮೂಳೆ ತಾಗುವ ವಿಸ್ತಾರ ಶೇ. 42ರಷ್ಟು ಕುಗ್ಗುತ್ತದೆಂದು 1976ರಲ್ಲಿ ರ‍್ಯಾಮ್ಸೆ ಮತ್ತು ಹ್ಯಾಮಿಲ್ಟನ್ ಶವಗಳ ಕಾಲುಗಳಲ್ಲಿ ಅಳೆದು ತೋರಿಸಿದ್ದರು. ಅದೇ ಭಾರ ಸಣ್ಣ ಜಾಗದ ಮೇಲೆ ಬಿದ್ದರೆ ಅಲ್ಲಿ ಸವೆಯದೆ ಇನ್ನೇನು? ಆದರೆ ಮುರಿತವಿಲ್ಲದೆ ಲಿಗಮೆಂಟಿನ ಪೆಟ್ಟಿನಿಂದಲೇ ಸಂಧಿವಾತಕ್ಕೆ ಬಂದ 30 ಮಂದಿಯನ್ನು ಸ್ವಿಟ್ಜರ್ಲೆಂಡಿನ ವಾಲ್ಡೆರಬಾನೊ ಮತ್ತು ಸಂಗಡಿಗರು ಪರಿಶೀಲಿಸಿದರು. 2006ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಪೆಟ್ಟಿಗೂ ಸವೆತಕ್ಕೂ ನಡುವಿನ ಸರಾಸರಿ ಅವಧಿ 34 ವರ್ಷ. ಇದನ್ನು ತಪ್ಪಾಗಿ ಓದಬಾರದು. ಉಳುಕಿದವರಲ್ಲಿ ಎಷ್ಟು ಮಂದಿ ಅಲ್ಲಿಗೆ ತಲುಪುತ್ತಾರೆಂದು ಈ 30 ಮಂದಿಯಿಂದ ತಿಳಿಯುವುದಿಲ್ಲ. ತಲುಪಿದವರು ಎಷ್ಟು ಕಾಲ ನಡೆದು ತಲುಪಿದರೆಂದು ಮಾತ್ರ ತಿಳಿಯುತ್ತದೆ. ಅದೂ ಕಡಿಮೆ ಮಾತಲ್ಲ. ಹದಿನೆಂಟರ ಹರೆಯದಲ್ಲಿ ಕಬಡ್ಡಿ ಅಂಕಣದಲ್ಲಿ ಹೊರಳಿದ ಕಾಲು ಐವತ್ತೆರಡರಲ್ಲಿ ಬೆಳಗ್ಗೆ ಏಳುವಾಗ ಬಿಗಿದುಕೊಂಡರೆ, ವಯಸ್ಸಾಯಿತಪ್ಪ ಎನ್ನುತ್ತೇವೆ. ಇನ್ನೊಂದು ಕಾಲಿಗೂ ಅಷ್ಟೇ ವಯಸ್ಸು ಎಂಬುದು ಹೊಳೆಯುವುದಿಲ್ಲ.

ಈ ಅಧ್ಯಯನಗಳೆಲ್ಲ ಬೂಟು ತೊಟ್ಟು, ಕುರ್ಚಿಯಲ್ಲಿ ಕೂರುವ ದೇಶಗಳವು. ನಮ್ಮ ಬದುಕಿಗೆ ಬಂದರೆ ಹರಡಿನ ಮೇಲಿನ ಬೇಡಿಕೆ ಬೇರೆಯೇ. ಸಮನೆಲದಲ್ಲಿ ನಡೆಯಲು ಪಾದ ಮೇಲಕ್ಕೆ ಸುಮಾರು 10 ಡಿಗ್ರಿ ಬಾಗಿದರೆ ಸಾಕು. ಹಿಮ್ಮಡಿ ಊರಿ ಕುಕ್ಕರಗಾಲಲ್ಲಿ ಕೂರಲು ಅದರ ಮೂರು ಪಟ್ಟಾದರೂ ಬೇಕು. ಪೆಟ್ಟಾದ ಕೀಲು ಮೊದಲು ಕಳೆದುಕೊಳ್ಳುವುದು ಈ ಕೊನೆಯ ಡಿಗ್ರಿಗಳನ್ನೇ. ಪಟ್ಟಣದ ಕಮೋಡು, ಡೈನಿಂಗ್ ಟೇಬಲ್ಲಿನ ಮನೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ದೇಸಿ ಪಾಯಿಖಾನೆಯಲ್ಲಿ: ಒಂದು ಹಿಮ್ಮಡಿ ನೆಲ ಮುಟ್ಟದೆ ಮೇಲೆದ್ದು, ಭಾರವೆಲ್ಲ ಮುಂಗಾಲಿಗೆ ಬಂದು, ಕೈ ತಾನಾಗಿ ನಲ್ಲಿಯನ್ನೋ ಬಕೆಟ್ಟಿನ ಅಂಚನ್ನೋ ಹುಡುಕುತ್ತದೆ. ರಂಗೋಲಿ ಹಾಕುವಾಗ, ಸಸಿ ನಾಟಿ ಮಾಡುವಾಗ, ಕಳೆ ಕೀಳುವಾಗ, ಕಾಲಿಗೆ ತಳೆ ಹಾಕಿಕೊಂಡು ಅಡಿಕೆ ಮರ ಹತ್ತುವಾಗ ಬೇಕಾಗುವ ಹರಡು ಇದು. ಇದರ ಬೆಲೆ ತಿಳಿದು ವಸ್ತುವೊಂದನ್ನು ಮಾಡಿದವರು ಜೈಪುರದ ವೈದ್ಯ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ. ಪಶ್ಚಿಮದಿಂದ ಬಂದ ಕೃತಕ ಪಾದದಲ್ಲಿ ಹರಡು ಅಲ್ಲಾಡುತ್ತಿರಲಿಲ್ಲ. ಬೂಟು ತೊಡದೆ, ಕುಕ್ಕರಗಾಲಲ್ಲಿ ಕೂರುವ, ಹೊಲದ ಹೆಂಟೆಗಳ ಮೇಲೆ ನಡೆಯುವ ಜನಕ್ಕೆ ಅದು ನಿರುಪಯೋಗಿಯಾಗಿತ್ತು. 1960ರ ದಶಕದ ಕೊನೆಯಲ್ಲಿ ಅವರು ರಬ್ಬರಿನಲ್ಲಿ ಮಾಡಿದ ಪಾದ ಎಲ್ಲ ದಿಕ್ಕಿಗೂ ಬಾಗುತ್ತಿತ್ತು. ಕಾಲನ್ನೇ ಕಳೆದುಕೊಂಡವರಿಗೆ ಬಾಗುವ ಹರಡು ಬೇಕೆಂದು ಕಂಡುಕೊಂಡ ದೇಶದಲ್ಲಿ, ಕಾಲಿದ್ದೂ ಬಾಗದ ಹರಡಿನವರಿಗೆ 'ನಡೆಯುತ್ತೀರಲ್ಲ, ಇನ್ನೇನು ಬೇಕು' ಎನ್ನುವುದು ವಿಪರ್ಯಾಸ.

ಎರಡನೆಯ ಆಕ್ಷೇಪ ಹೆಚ್ಚು ಸೂಕ್ಷ್ಮವಾದದ್ದು. ಉಳುಕಿದ್ದರಿಂದ ಸಮತೋಲ ಕೆಟ್ಟಿತೋ, ಮೊದಲೇ ಸಮತೋಲ ಸರಿಯಿಲ್ಲದವರೇ ಉಳುಕಿಸಿಕೊಂಡರೋ? ಪೆಟ್ಟಾದ ಮೇಲೆ ಮಾತ್ರ ಅಳೆದರೆ ಎರಡನ್ನೂ ಬೇರ್ಪಡಿಸಲಾಗದು, ಮೇಲೆ ಹೇಳಿದ ಎಷ್ಟೋ ಅಳತೆಗಳು ಅಂಥವೇ. ಇದಕ್ಕೆ ಉತ್ತರ ಕಾರಣದ ಚರ್ಚೆಯಿಂದಲ್ಲ, ಪರಿಹಾರದ ಪರೀಕ್ಷೆಯಿಂದ ಸಿಗುತ್ತದೆ. 2009ರಲ್ಲಿ ನೆದರ್ಲೆಂಡ್ಸಿನ ಹುಪ್ಪೆರೆಟ್ಸ್ ಮತ್ತು ಸಂಗಡಿಗರು, ಇತ್ತೀಚೆಗೆ ಕಾಲು ಉಳುಕಿದ್ದ 522 ಆಟಗಾರರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಎಲ್ಲರಿಗೂ ರೂಢಿಯ ಆರೈಕೆ. ಒಂದು ಗುಂಪಿಗೆ ಮಾತ್ರ ಮನೆಯಲ್ಲೇ, ಯಾರ ಮೇಲ್ವಿಚಾರಣೆಯೂ ಇಲ್ಲದೆ, ಎಂಟು ವಾರ ಮಾಡುವ ಸಮತೋಲದ ಅಭ್ಯಾಸ. ವರ್ಷ ಕಳೆಯುವಷ್ಟರಲ್ಲಿ ಅಭ್ಯಾಸ ಮಾಡದವರಲ್ಲಿ ಶೇ. 33 ಮಂದಿ ಮತ್ತೆ ಉಳುಕಿಸಿಕೊಂಡಿದ್ದರು, ಮಾಡಿದವರಲ್ಲಿ ಶೇ. 22. ಅದಕ್ಕಿಂತ ಗಮನಿಸಬೇಕಾದ್ದು, ಮೊದಲ ಪೆಟ್ಟಿಗೆ ವೈದ್ಯರ ಚಿಕಿತ್ಸೆ ಪಡೆಯದಿದ್ದವರಿಗೇ ಅಭ್ಯಾಸದಿಂದ ವಿಶೇಷ ಲಾಭವಾಗಿತ್ತು. ಸಮತೋಲ ಕೆಟ್ಟದ್ದು ಮೊದಲೋ ಆಮೇಲೋ, ಅದನ್ನು ತಿದ್ದಬಹುದು, ತಿದ್ದಿದರೆ ಫಲವಿದೆ. ಇದರಿಂದ ಮೂವತ್ತು ವರ್ಷದ ನಂತರದ ಸವೆತ ತಪ್ಪುತ್ತದೆಂದು ನಾನು ಹೇಳುತ್ತಿಲ್ಲ. ಒಂದು ವರ್ಷದ ಪರೀಕ್ಷೆಯ ಹೆಗಲ ಮೇಲೆ ಮೂವತ್ತು ವರ್ಷವನ್ನು ಹೊರಿಸಬಾರದು. ಆದರೆ ಮತ್ತೆ ಮತ್ತೆ ಹೊರಳುವುದು ಕೀಲಿಗೆ ಒಳ್ಳೆಯದಲ್ಲ ಎಂಬುದಕ್ಕೆ ಬೇರೆ ಪ್ರಮಾಣ ಬೇಡ.

ನಮ್ಮ ಹಿರಿಯರು ಬರಿಗಾಲಲ್ಲಿ ಕಲ್ಲುಮುಳ್ಳು ತುಳಿದು ಬದುಕಲಿಲ್ಲವೇ, ಅವರಿಗೆ ಯಾವ ಫಿಸಿಯೋಥೆರಪಿ ಇತ್ತು ಎಂದು ಕೇಳುವವರೂ ಇದ್ದಾರೆ. ಅವರು ಅರಿಯದೆಯೇ ನನ್ನ ವಾದಕ್ಕೆ ಬಲ ಕೊಡುತ್ತಿದ್ದಾರೆ. ಏರುತಗ್ಗಿನ ನೆಲವೇ ಅಲ್ಲಾಡುವ ಹಲಗೆ; ದಿನಕ್ಕೆ ನೂರು ಸಲ ಕುಕ್ಕರಗಾಲಲ್ಲಿ ಕೂತೇಳುವುದೇ ವ್ಯಾಯಾಮ. ಆ ನೆಲ ಹೋಯಿತು. ಟೈಲ್ಸ್ ಹಾಕಿದ ಮನೆಯಿಂದ ಲಿಫ್ಟಿಗೆ, ಲಿಫ್ಟಿನಿಂದ ಕಾರಿಗೆ ಹೋಗುವ ಪಾದಕ್ಕೆ ಏರುತಗ್ಗು ಸಿಗುವುದು ಕಿತ್ತುಹೋದ ಫುಟ್‌ಪಾತಿನ ಚಪ್ಪಡಿಯಲ್ಲಿ ಮಾತ್ರ, ಅದೂ ಮುನ್ಸೂಚನೆಯಿಲ್ಲದೆ. ಇನ್ನು ಪಟ್ಟು, ಕಟ್ಟುಗಳ ಮಾತು. ಅರಿಶಿನ ಸುಣ್ಣದ ಪಟ್ಟು, ಹುಣಸೆಹಣ್ಣು ಉಪ್ಪಿನ ಪಟ್ಟು, ಪುತ್ತೂರು ಕಟ್ಟು ಇವನ್ನೆಲ್ಲ ಹೀಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಕಟ್ಟಿನ ಬಿಗಿಯಲ್ಲಿ ವಾರಗಟ್ಟಲೆ ಅಲ್ಲಾಡದೆ ಕೂತ ಕೀಲು, ಅದು ಬಟ್ಟೆಯ ಕಟ್ಟಾಗಲಿ ಆಸ್ಪತ್ರೆಯ ಪ್ಲಾಸ್ಟರಾಗಲಿ, ಬಿಚ್ಚಿದ ದಿನ ಹೊಸದಾಗಿ ನಡೆಯಲು ಕಲಿಯಬೇಕಾದ ಕೀಲೇ. ಕಟ್ಟಿದವರೂ ಪ್ಲಾಸ್ಟರ್ ಹಾಕಿದವರೂ ಆ ಕಲಿಕೆಯನ್ನು ರೋಗಿಗೇ ಬಿಟ್ಟುಬಿಡುವುದುಂಟು. ಈ ಒಂದು ವಿಷಯದಲ್ಲಿ ನಾಟಿ ಪದ್ಧತಿಗೂ ಇಂಗ್ಲಿಷ್ ಪದ್ಧತಿಗೂ ಭೇದವಿಲ್ಲ.

ಕಾಣುವುದಕ್ಕೆ ಮಾತ್ರ ಲೆಕ್ಕ ಎಂಬ ಧೋರಣೆ ಆಸ್ಪತ್ರೆಯಿಂದಾಚೆಗೂ ಇದೆ. ಕೆಲಸದ ವೇಳೆ ಪೆಟ್ಟಾದವರಿಗೆ ಪರಿಹಾರ ಕೊಡಿಸುತ್ತಿದ್ದ, 2025ರವರೆಗೆ ಜಾರಿಯಲ್ಲಿದ್ದ 1923ರ ಕಾಯ್ದೆಯ ಅನುಸೂಚಿಯಲ್ಲಿ ಕಾಲಿನ ಹೆಬ್ಬೆರಳು ಬುಡದಿಂದ ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ. 14 ನಷ್ಟ ಎಂದು ಬರೆದಿತ್ತು. ಬೆರಳೆಲ್ಲ ಇದ್ದು, ಏಣಿ ಹತ್ತಲು ಧೈರ್ಯವಾಗದ ಗಾರೆಯವನ ಹರಡಿಗೆ ಅಂಥ ಸಿದ್ಧ ಸಾಲಿರಲಿಲ್ಲ. ವೈದ್ಯರು ಎಷ್ಟೆಂದು ಅಂದಾಜು ಮಾಡುತ್ತಿದ್ದರೋ ಅಷ್ಟು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮುಖ್ಯ ಸೌಲಭ್ಯಗಳಿಗೆಲ್ಲ ಶೇ. 40ರ ಗೆರೆ ಇದೆ. ಹಾಗೆಂದು ಉಳುಕಿದವರಿಗೆಲ್ಲ ಪ್ರಮಾಣಪತ್ರ ಕೊಡಿ ಎನ್ನುತ್ತಿಲ್ಲ; ಗೆರೆ ಎಲ್ಲೋ ಎಳೆಯಲೇಬೇಕು. ಗೆರೆಯ ಕೆಳಗಿರುವವರಿಗೆ ಆಸ್ಪತ್ರೆಯೂ 'ಬರೀ' ಎಂದು ಹೇಳಿ ಕಳಿಸಿದರೆ ಅವರು ಮತ್ತೆಲ್ಲಿಗೆ ಹೋಗಬೇಕು ಎಂಬುದಷ್ಟೇ ಪ್ರಶ್ನೆ.

ಹೋಗಬೇಕಾದ ದೂರ ಬಹಳವೇನಿಲ್ಲ. ಹರಿದ ಲಿಗಮೆಂಟನ್ನು ಬಿಗಿದು ಹೊಲಿಯುವ, 1966ರಲ್ಲಿ ಸ್ವೀಡನ್ನಿನ ಬ್ರೋಸ್ಟ್ರೋಮ್ ರೂಪಿಸಿದ ಶಸ್ತ್ರಕ್ರಿಯೆ ಇಂದಿಗೂ ನಡೆಯುತ್ತದೆ, ಆದರೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿಯೂ ಕಾಲು ನಿಲ್ಲದ ಕೆಲವರಿಗೆ ಮಾತ್ರ ಅದು ಬೇಕು. ಉಳಿದವರಿಗೆ ಮೊದಲು ಬೇಕಾದ್ದು ಅಳತೆ. ಗೋಡೆಯ ಎದುರು ಒಂದು ಕಾಲು ಮುಂದಿಟ್ಟು ನಿಂತು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ತಾಗಿಸಬೇಕು; ತಾಗುವಷ್ಟು ಹೊತ್ತೂ ಪಾದವನ್ನು ಹಿಂದೆ ಹಿಂದೆ ಸರಿಸುತ್ತ ಹೋಗಬೇಕು. ಹಿಮ್ಮಡಿ ಏಳುವ ಮುಂಚಿನ ಕೊನೆಯ ಜಾಗದಲ್ಲಿ ಹೆಬ್ಬೆರಳಿಗೂ ಗೋಡೆಗೂ ಎಷ್ಟು ಅಂತರವಿದೆಯೆಂದು ಶಾಲೆಯ ಮಕ್ಕಳ ಸ್ಕೇಲಿನಲ್ಲಿ ಅಳೆದು ಬರೆದುಕೊಂಡು, ಇನ್ನೊಂದು ಕಾಲಿನಲ್ಲೂ ಹಾಗೇ ಮಾಡಬೇಕು. ಆಮೇಲೆ ಗೋಡೆಯನ್ನು ಕೈಗೆಟುಕುವಷ್ಟು ದೂರದಲ್ಲಿಟ್ಟುಕೊಂಡು, ಒಂಟಿಕಾಲಲ್ಲಿ ನಿಂತು ಕಣ್ಣು ಮುಚ್ಚಿ, ಎಷ್ಟು ಎಣಿಸುವಷ್ಟರಲ್ಲಿ ಪಾದ ತಡಬಡಾಯಿಸುತ್ತದೆ ನೋಡಬೇಕು. ಅದೂ ಎರಡು ಕಾಲಿಗೂ. ಪೆಟ್ಟಾಗಿ ಎರಡು ತಿಂಗಳಾಗಿರಲಿ, ಇಪ್ಪತ್ತು ವರ್ಷವಾಗಿರಲಿ, ನೋವಿರಲಿ ಇಲ್ಲದಿರಲಿ, ಎರಡು ಕಾಲಿನ ಲೆಕ್ಕಗಳು ಕೂಡಿಬರದಿದ್ದರೆ ಕೆಲಸ ಬಾಕಿಯಿದೆ. ಬೆಳಗ್ಗೆ ಹಲ್ಲುಜ್ಜುವಷ್ಟು ಹೊತ್ತು ಹಿಂದೆಬಿದ್ದ ಕಾಲೊಂದರ ಮೇಲೆಯೇ ನಿಂತು ಅದನ್ನು ಶುರುಮಾಡಬಹುದು.